ಸೀಮೋರ್ ಕಪೆಲ್‌ನ ಎಣಿಕೆ

ಫೋರ್ಟ್ ಲೀಯ ನಮ್ಮ ಕಟ್ಟಡದಲ್ಲಿ ಎದುರು ಮನೆಯವನು ಸೀಮೋರ್ ಕಪೆಲ್. ವಾಷಿಂಗ್ಟನ್ ಹೈಟ್ಸ್‌ನಲ್ಲಿ ಕನ್ನಡಕದ ಅಂಗಡಿ ಇಟ್ಟಿದ್ದವನು, ಅದನ್ನು ಮಾರಿ ಸೇತುವೆ ದಾಟಿ ಈ ಕಡೆ ಬಂದ. ಒಳ್ಳೆಯವನೇ. ಒಳ್ಳೆಯವರ ಮೇಲೆ ಬರುವಷ್ಟು ಸಿಟ್ಟು ನನಗೆ ಕೆಟ್ಟವರ ಮೇಲೆ ಬರುವುದಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಯಹೂದಿಗಳಲ್ಲಿ ತೀರಿಕೊಂಡವರಿಗಾಗಿ ಹೇಳುವ ಪ್ರಾರ್ಥನೆಗೆ ಕಾದಿಶ್ ಎನ್ನುತ್ತಾರೆ. ಅದನ್ನು ಒಬ್ಬರೇ ಹೇಳಿಕೊಳ್ಳುವಂತಿಲ್ಲ, ಹತ್ತು ಜನ ಯಹೂದಿ ಗಂಡಸರು ಸೇರಲೇಬೇಕು. ಸೀಮೋರನ ಪಂಥದಲ್ಲಿ ಹೆಂಗಸರು ಲೆಕ್ಕಕ್ಕಿಲ್ಲ. ನಮ್ಮಲ್ಲಿ ಮಾತ್ರ ಏನು ಮಹಾ, ತಿಥಿಯ ದಿನ ಒಲೆ ಮುಂದೆ ಬೇಯುವುದಕ್ಕಷ್ಟೇ ನಾವು ಬೇಕು. ಅವರ ಪ್ರಾರ್ಥನಾಮಂದಿರಕ್ಕೆ ದಿನಾ ಆ ಹತ್ತು ಜನರನ್ನು ಕಲೆಹಾಕುವುದೇ ಸೀಮೋರನ ಕೆಲಸವಾಗಿತ್ತು. ಯಾರೂ ಒಪ್ಪಿಸಿದ್ದಲ್ಲ, ತಾನೇ ಮೈಮೇಲೆ ಎಳೆದುಕೊಂಡಿದ್ದು. ಬೆಳಗಾಗುವ ಮುಂಚೆ ಫೋನು ಹಿಡಿದು ಕೂರುತ್ತಿದ್ದ. ಬೆನ್ನು ನೋವು ಎಂದವನಿಗೆ ಕೂತೇ ಪ್ರಾರ್ಥಿಸು ಎನ್ನುತ್ತಿದ್ದ, ನಿದ್ದೆ ಆಗಿಲ್ಲ ಎಂದವನಿಗೆ ಅಲ್ಲೇ ಬಂದು ಮಲಗು ಎನ್ನುತ್ತಿದ್ದ. ಒಮ್ಮೆ ಬಾಯ್ಲರ್ ರಿಪೇರಿಗೆ ಬಂದವನು ಯಹೂದಿ ಎಂದು ಗೊತ್ತಾಗಿ, ಮಸಿ ಕೈಯಲ್ಲೇ ಅವನನ್ನು ಎಳೆದುಕೊಂಡು ಹೋಗಿದ್ದ.

ನಿಮಗೆ ನಿಷಿದ್ಧವಾದ ಹಂದಿಯನ್ನು ಅವನು ತಿನ್ನುತ್ತಾನಂತಲ್ಲ ಎಂದು ನಾನು ಕೆಣಕಿದ್ದಕ್ಕೆ ಸೀಮೋರ್ ನಕ್ಕ. "ಏನ್ ತಿಂತಾನೆ, ಯಾರಿಗೆ ಓಟ್ ಹಾಕ್ತಾನೆ, ದೇವ್ರನ್ನ ನಂಬ್ತಾನಾ, ಇದೆಲ್ಲ ನಾನ್ ಕೇಳಲ್ಲ ಪದ್ಮಜಾ. ಅವನ ತಾಯಿ ಯಹೂದಿ ಆಗಿದ್ರೆ ಸಾಕು."

ನನ್ನ ಗಂಡ ಕೃಷ್ಣಸ್ವಾಮಿಗೆ ಇದೆಲ್ಲ ಬಹಳ ಹಿಡಿಸಿತ್ತು. ಒಬ್ಬರು ಕಡಿಮೆ ಬಿದ್ದರೆ ತಾನೇ ಬಂದು ನಿಲ್ಲಲೇ ಎಂದು ಕೇಳಿಯೂ ಬಿಟ್ಟಿದ್ದರು. ಸೀಮೋರ್ ಅವರ ಬೆನ್ನು ತಟ್ಟಿ, ಕಾಫಿ ಕುಡಿಯಲು ಬಾ ಎಂದಿದ್ದ.

ಅವರಲ್ಲಿ ತಲೆ ಎಣಿಸುವುದಕ್ಕೂ ಒಂದು ಕ್ರಮವಿದೆ. ಮನುಷ್ಯರನ್ನು ಒಂದು, ಎರಡು ಎಂದು ಎಣಿಸಬಾರದಂತೆ, ದೃಷ್ಟಿಯಾಗುತ್ತದೆ. ಅದಕ್ಕೇ ಬೆರಳು ತೋರಿಸುತ್ತ "ಒಂದಲ್ಲ, ಎರಡಲ್ಲ, ಮೂರಲ್ಲ" ಎನ್ನುತ್ತಾರೆ. ಅಕ್ಕಿ ಅಳೆಯುವಾಗ ನಮ್ಮಜ್ಜಿ ಒಂದು ಎನ್ನದೆ ಲಾಭ ಎನ್ನುತ್ತಿದ್ದರಲ್ಲ, ಹಾಗೆ.

ಆಮೇಲೆ ಆ ಅಕ್ಟೋಬರ್ ಬಂತು. ಇಸ್ರೇಲಿನಲ್ಲಿದ್ದ ಸೀಮೋರನ ತಂಗಿಯ ಮೊಮ್ಮಗ ದಾಳಿಯ ಮೊದಲ ದಿನವೇ ಸತ್ತ. ನಂತರ ಗಾಜಾದ ಮೇಲೆ ಯುದ್ಧ. ಮಂದಿರದ ಬಾಗಿಲಿಗೆ ಬಂದೂಕಿನ ಕಾವಲುಗಾರ ಬಂದ, ಎದುರಿನ ಫುಟ್‌ಪಾತಿನಲ್ಲಿ ಕೂಗುವವರೂ ಬಂದರು. ಲಿಫ್ಟಿನಲ್ಲಿ ಹವಾಮಾನದ ಮಾತಾಡುತ್ತಿದ್ದವರು ಅದನ್ನೂ ನಿಲ್ಲಿಸಿದರು. ಸೀಮೋರನ ಒಬ್ಬನೇ ಮಗ ಜೋನಾ ಬ್ರೂಕ್ಲಿನ್‌ನಲ್ಲಿ ಮೇಷ್ಟ್ರು. ಯುದ್ಧ ನಿಲ್ಲಿಸಿ ಎಂದು ರಸ್ತೆಯಲ್ಲಿ ಕೂತು ಅರೆಸ್ಟ್ ಆದ. ಆ ಫೋಟೋ ಮಂದಿರದ ಎಲ್ಲರ ಫೋನಿಗೂ ಬಂತು. ಸೀಮೋರ್ ಮಗನ ಜೊತೆ ಮಾತು ಬಿಟ್ಟ. ಸತ್ತ ಹುಡುಗನ ಹೆಸರೆತ್ತಿ ಅಪ್ಪ ಅಳುವಾಗ ಮಗ ಇನ್ನೊಂದು ಕಡೆಯ ಹೆಣಗಳ ಮಾತಾಡಿದನಂತೆ. ಇಬ್ಬರ ಸಂಕಟವೂ ಸುಳ್ಳಲ್ಲ.

ಆ ಚಳಿಗಾಲದಲ್ಲಿ ಒಂದು ದಿನ ಹರ್ಷೆಲ್ ಬ್ರೋಡಿಯ ತಂದೆಯ ತಿಥಿ ಬಿತ್ತು. ಹರ್ಷೆಲ್ ಇದೇ ಕಟ್ಟಡದ ದಂತವೈದ್ಯ, ಅವನ ಮಗ ಆಗ ಇಸ್ರೇಲಿನ ಸೈನ್ಯದಲ್ಲಿದ್ದ. ಮಂದಿರದಲ್ಲಿ ಒಂಬತ್ತು ಜನ ಸೇರಿ ಹತ್ತನೆಯವನಿಗೆ ಕಾಯುತ್ತಿದ್ದಾಗ, ಅಮ್ಮನನ್ನು ನೋಡಲು ಬಂದಿದ್ದ ಜೋನಾ ವಿಷಯ ತಿಳಿದು ತಾನಾಗಿಯೇ ಹೋಗಿ ನಿಂತ. ಸೀಮೋರ್ ಎಣಿಸಿದ. ಮಗನ ಹತ್ತಿರ ಬಂದಾಗ ಬೆರಳನ್ನು ಗೋಡೆಯ ಕಡೆ ತಿರುಗಿಸಿ, ಒಂಬತ್ತೇ ಜನ ಎಂದುಬಿಟ್ಟ. ಅವರ ಶಾಸ್ತ್ರದ ಪ್ರಕಾರವೂ ಅದು ತಪ್ಪು, ಅವನಿಗೆ ಅದು ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು. ಹರ್ಷೆಲ್‌ನ ಅಪ್ಪನಿಗೆ ಅವತ್ತು ಕಾದಿಶ್ ಆಗಲಿಲ್ಲ. ಹರ್ಷೆಲ್ ಮಾತ್ರ ಸೀಮೋರನ ಕೈ ಕುಲುಕಿ, ಸರಿ ಮಾಡಿದೆ ಎಂದನಂತೆ.

ಇದನ್ನು ನನಗೆ ಹೇಳಿದ್ದು ಸೀಮೋರನ ಹೆಂಡತಿ ರೋಶೆಲ್. ನಮ್ಮ ಪಾತ್ರೆಯಲ್ಲಿ ಬೇಯಿಸಿದ್ದನ್ನು ಅವಳು ತಿನ್ನುವಂತಿರಲಿಲ್ಲ. ನಮ್ಮಲ್ಲಿಗೆ ಬಂದರೆ ಇಡೀ ಕಿತ್ತಳೆ ಹಣ್ಣು ಕೊಡುತ್ತಿದ್ದೆ, ತಾನೇ ಸುಲಿದುಕೊಳ್ಳುತ್ತಿದ್ದಳು. ಆ ಹೊತ್ತಿಗಾಗಲೇ ಕ್ಯಾನ್ಸರ್ ಅವಳನ್ನು ಅರ್ಧ ಮಾಡಿತ್ತು. ಹಣ್ಣನ್ನು ಸುಲಿಯದೆ ಕೈಯಲ್ಲೇ ಹಿಡಿದುಕೊಂಡು ಹೇಳಿದಳು: "ನಾನ್ ಹೋದ್ಮೇಲೆ ಅಪ್ಪ ಮಗ ಒಂದೇ ರೂಮಲ್ಲಿ ನಿಂತು ನಂಗೆ ಕಾದಿಶ್ ಹೇಳ್ಬೇಕು. ಇನ್ನೇನೂ ಕೇಳಲ್ಲ ನಾನು."

ಗಂಡನಿಗೂ ಹೇಳಿದ್ದಳು, ಮಗನಿಗೂ ಹೇಳಿದ್ದಳು. ಅದರ ಮುಂದಿನ ಚಳಿಗಾಲ, ಜನವರಿಯಲ್ಲಿ ಹೋದಳು.

ಸತ್ತ ಮೇಲೆ ಏಳು ದಿನ ಅವರು ಮನೆಯಲ್ಲೇ ಕೂರುತ್ತಾರೆ. ಕನ್ನಡಿಗಳಿಗೆ ಬಟ್ಟೆ ಹೊದಿಸಿ, ಬಾಗಿಲು ತೆರೆದಿಟ್ಟು, ಮೋಟು ಕುರ್ಚಿಗಳಲ್ಲಿ ಕೂರುತ್ತಾರೆ. ಪ್ರಾರ್ಥನೆಗೆ ಜನರೇ ಅಲ್ಲಿಗೆ ಬರುತ್ತಾರೆ. ಮಣ್ಣಾದ ದಿನ ಮಗ ಅಪ್ಪ ಇಬ್ಬರೂ ಸಮಾಧಿಯ ಎರಡು ಕಡೆ ನಿಂತಿದ್ದರು, ಕಾದಿಶನ್ನು ಅವರ ಧರ್ಮಗುರು ರಬ್ಬಿಯೇ ಹೇಳಿದ್ದರು. ಇನ್ನು ಮನೆಯಲ್ಲಿ ಹೇಳುವುದು ಇವರಿಬ್ಬರದೇ. ಮೊದಲ ಸಂಜೆಯೇ ಸ್ನೋ ಸ್ಟಾರ್ಮ್ ಶುರುವಾಯಿತು. ನಾನೂ ಕೃಷ್ಣಸ್ವಾಮಿಯೂ ಹಣ್ಣಿನ ಬುಟ್ಟಿ ಹಿಡಿದು ಹೋದಾಗ, ಕಟ್ಟಡದಲ್ಲಿದ್ದ ಎಂಟು ಜನರಷ್ಟೇ ಬಂದಿದ್ದರು, ಹರ್ಷೆಲ್ ಸೇರಿ. ಸೀಮೋರ್ ಒಂಬತ್ತನೆಯವನು. ಜೋನಾ ಕಿಟಕಿಯ ಹತ್ತಿರ ತಲೆ ತಗ್ಗಿಸಿ ಕೂತಿದ್ದ.

ಸೀಮೋರ್ ಎದ್ದು ನಿಂತು ಎಣಿಸತೊಡಗಿದ. ಬೆರಳು ಕಿಟಕಿಯ ತನಕ ಹೋಗಿ ನಿಂತಿತು. ಮಗನನ್ನೇ ನೋಡುತ್ತ "ಹತ್ತಲ್ಲ" ಎಂದ. ಹತ್ತಾಯಿತು ಎಂದರ್ಥ. ಜೋನಾ ಎದ್ದು ಬಂದು ಅಪ್ಪನ ಪಕ್ಕ ನಿಂತ. ಸದ್ಯ, ಹೆಂಗಸಿನ ಮಾತು ನಡೆಯಿತಲ್ಲ ಎಂದುಕೊಂಡೆ.

ಅಷ್ಟರಲ್ಲಿ ಹರ್ಷೆಲ್ ಕುರ್ಚಿಯ ಮೇಲಿದ್ದ ಕೋಟು ತೆಗೆದುಕೊಂಡ.

"ನಮ್ಮಪ್ಪನ ದಿನ ಇವನು ಲೆಕ್ಕಕ್ಕೆ ಬರ್ಲಿಲ್ಲ. ಇವತ್ತು ಹೇಗೆ ಬಂದ, ಸೀಮೋರ್?"

ದನಿ ಏರಿಸಲಿಲ್ಲ. ಸೀಮೋರ್ ತಪ್ಪಾಯಿತು ಎಂದಿದ್ದರೆ ಬಹುಶಃ ಹರ್ಷೆಲ್ ನಿಲ್ಲುತ್ತಿದ್ದ. ಊರಿನವರನ್ನೆಲ್ಲ ಹಾಸಿಗೆಯಿಂದ ಎಬ್ಬಿಸಿದ ಬಾಯಿಗೆ ಆ ಒಂದು ಮಾತು ಬರಲಿಲ್ಲ. ಹರ್ಷೆಲ್ ಹೊರಗೆ ಹೋದ. ಈಗ ಮಗನೂ ಸೇರಿ ಒಂಬತ್ತು.

ಜೋನಾ ಮೆಲ್ಲಗೆ, ಹೇಗೂ ಹೇಳಿಬಿಡೋಣ, ಅಮ್ಮನಿಗೆ ಗೊತ್ತಾಗುತ್ತದೆ ಎಂದ. ಸೀಮೋರ್ ಬೇಡವೆಂದು ತಲೆಯಾಡಿಸಿದ. ಒಂಬತ್ತೇ ಜನರಿದ್ದರೆ ಹೇಳುವಂತಿಲ್ಲ, ನಿಯಮವಿಲ್ಲ ಎಂದ. ನನಗೆ ಮೈ ಉರಿದುಹೋಯಿತು. ಮಗನನ್ನು ಲೆಕ್ಕದಿಂದ ಕಳೆಯುವುದಕ್ಕೆ ಮುರಿದ ನಿಯಮ ಹೆಂಡತಿಗಾಗಿ ಬಗ್ಗಲಿಲ್ಲ. ಕೃಷ್ಣಸ್ವಾಮಿ ನನ್ನ ಮೊಣಕೈ ಹಿಡಿದು, "ಸುಮ್ನಿರು, ಇದು ನಮ್ ಮನೆ ಅಲ್ಲ" ಎಂದರು. ಬಂದವರು ಒಬ್ಬೊಬ್ಬರಾಗಿ ಸೀಮೋರನಿಗೆ ಸಮಾಧಾನದ ಮಾತು ಹೇಳಿ ಹೊರಟರು. ಜೋನಾನ ಮುಂದೆ ನಿಂತವರು ಇಬ್ಬರೇ.

ಎಲ್ಲರೂ ಹೋದ ಮೇಲೆ ಜೋನಾ ಬೂಟು ಹಾಕಿಕೊಂಡ. ಸೀಮೋರ್ ನೆಲ ನೋಡುತ್ತಲೇ, ನಾಳೆ ಬೆಳಿಗ್ಗೆ ಪ್ರಾರ್ಥನೆಗೆ ಇರುತ್ತೀಯಲ್ಲ ಎಂದು ಕೇಳಿದ. ಒಂದು ವರ್ಷದಲ್ಲಿ ಮಗನನ್ನು ಕೇಳಿದ ಮೊದಲ ಪ್ರಶ್ನೆ.

"ನಾನ್ ಬಂದ್ರೆ ನಿಂಗೆ ಒಬ್ಬ ಜಾಸ್ತಿ ಆಗಲ್ಲ ಡ್ಯಾಡ್, ಒಬ್ಬ ಕಮ್ಮಿ ಆಗ್ತಾನೆ," ಎಂದ ಜೋನಾ. ಆ ಹಿಮದಲ್ಲೇ ಹೊರಟುಹೋದ.

ಮರುದಿನ ಬೆಳಿಗ್ಗೆ ರಸ್ತೆ ತೆರೆದಿತ್ತು. ಹರ್ಷೆಲ್ ತಾನೂ ಬಂದ, ಇನ್ನೊಬ್ಬನನ್ನೂ ಜೊತೆಗೆ ಕರೆತಂದ. ತೆರೆದ ಬಾಗಿಲಿನಿಂದ ಸೀಮೋರನ ಎಣಿಕೆ ಕೇಳಿಸಿತು, ಈ ಸಲ ಎಲ್ಲೂ ನಿಲ್ಲಲಿಲ್ಲ. ಹತ್ತು ಜನ ಸರಿಯಾಗಿದ್ದರು. ರೋಶೆಲ್‌ಗೆ ಕಾದಿಶ್ ಹೇಳಿದ್ದು ಅಪ್ಪನ ಒಂದೇ ದನಿ.