ಸಾಮಿಯಾತಾಳ್ ಮೂಗಿಗೆ ಸಿಗದ ವಾಸನೆ

ತಮಿಳುನಾಡಿನ ಕುನ್ನತ್ತೂರು ಸಂತೆಯಲ್ಲಿ ಬೆಣ್ಣೆ ಕೊಳ್ಳುವವರು ಮೊದಲು ಸಾಮಿಯಾತಾಳ್ ಮುಖ ನೋಡುತ್ತಿದ್ದರು. ಮಡಕೆಯ ಬಾಯಿಗೆ ಮೂಗಿಟ್ಟರೆ ಸಾಕು, ಎಮ್ಮೆ ಹತ್ತಿಬೀಜ ತಿಂದಿದೆಯೋ ಜೋಳದ ಸಪ್ಪೆಯೋ ಹೇಳಿಬಿಡುವಳು. ಆಮೇಲೆ ಉಗುರಂಚಿನಷ್ಟು ನಾಲಿಗೆಗೆ ಹಚ್ಚಿಕೊಂಡು ತಲೆಯಾಡಿಸುವಳು. ಅಬ್ಬಾ, ಆ ಮೂಗಿನ ಗತ್ತೇ ಗತ್ತು!

೧೯೮೬ರ ಒಂದು ಷಷ್ಠಿಯ ದಿನ ಅವಳದು ಉಪವಾಸ. ನಾಲಿಗೆಗೆ ತಾಕಿಸದೆ, ಬರೀ ಮೂಸಿ ಒಂದು ಮಡಕೆಗೆ ಸೈ ಎಂದಳು. ಸಂಜೆ ವ್ಯಾಪಾರಿ ಸುಬ್ಬಯ್ಯನ್ ಅದೇ ಮಡಕೆ ಹಿಡಿದು ಮನೆಗೇ ಬಂದ.

"ಏನಕ್ಕಾ ಇದು? ಕಮಟು ನಾತ ಹೊಡೀತಾ ಇದೆ! ಕೊನೆಗೆ ನೀನೂ ನಿನ್ನ ತಮ್ಮನ ಥರಾನೇ ಆದ್ಯಲ್ಲ!"

ಆ ಮಾತು ಎದೆಗೇ ತಾಗಿತು. ತಮ್ಮ ಚಿನ್ನಸಾಮಿ ಹನ್ನೆರಡು ವರ್ಷದ ಹಿಂದೆ ಇಂಥದೇ ಕೆಟ್ಟ ಬೆಣ್ಣೆಗೆ ಸೈ ಎಂದಿದ್ದ. ವಾಸನೆಯೇ ಬರಲಿಲ್ಲ ಎಂದು ಆಣೆ ಇಟ್ಟರೂ ಸಂತೆಯ ನಡುವೆ ಅವನನ್ನು ಸುಳ್ಳ ಎಂದವಳು ಇವಳೇ. ಅಂದಿನಿಂದ ಅಕ್ಕತಮ್ಮಂದಿರಿಗೆ ಮಾತಿಲ್ಲ.

ಸುಬ್ಬಯ್ಯನ್ ಮಡಕೆ ಅಲ್ಲೇ ಬಿಟ್ಟುಹೋದ ಮೇಲೆ ಮತ್ತೆ ಮೂಸಿದಳು. ಏನೂ ಇಲ್ಲ! ಇದೇನು ಸೋಜಿಗ ಎಂದು ಪಕ್ಕದ ಮನೆ ಕಣ್ಣಮ್ಮನನ್ನು ಕರೆದು, ಕಣ್ಣಿಗೆ ಬಟ್ಟೆ ಕಟ್ಟಿಸಿಕೊಂಡಳು. ಕರಿಬೇವು ಸಿಕ್ಕಿತು, ಸೀಮೆಎಣ್ಣೆ ಸಿಕ್ಕಿತು, ಗಂಜಲ ಸಿಕ್ಕಿತು. ಹೊಸ ಬೆಣ್ಣೆ, ಕಮಟು ಬೆಣ್ಣೆ ಮಾತ್ರ ಹತ್ತು ಸಲ ಮೂಸಿದರೂ ಒಂದೇ. ಉಪವಾಸ ಮುರಿದು ನಾಲಿಗೆಗಿಟ್ಟಳು, ಗಂಟಲು ಕೆರೆಯಿತು. ಇಷ್ಟು ವರ್ಷ ಕೆಟ್ಟದ್ದನ್ನು ಹಿಡಿದದ್ದು ಮೂಗಲ್ಲ, ಗಂಟಲು!

ಇಂಥಿಂಥ ವಾಸನೆ ಹಿಡಿಯಲೆಂದೇ ಮೂಗಿನೊಳಗೆ ಪ್ರೋಟೀನುಗಳಿವೆ, ಅವನ್ನು ಕಟ್ಟುವ ಜೀನ್ ಹೆತ್ತವರಿಂದ ಬರುತ್ತದೆ, ಅದು ಕೆಟ್ಟಿದ್ದರೆ ಆ ಒಂದು ವಾಸನೆ ಸಿಗದೇ ಹೋಗಬಹುದು ಎಂದು ಅವಳಿಗೆ ಹೇಳುವವರಾರು? ವಿಜ್ಞಾನಿಗಳಿಗೇ ಆ ಜೀನ್‌ಗಳು ಸಿಕ್ಕಿದ್ದು ಇನ್ನೈದು ವರ್ಷದ ಮೇಲೆ.

ಬೆಳಗಿನ ಮೊದಲ ಬಸ್ಸಿಗೆ ಮಡಕೆ ಹಿಡಿದು ತಮ್ಮನ ಮನೆಗೆ ಹೋದಳು.

"ಮೂಸು ತಂಬೀ."

ಚಿನ್ನಸಾಮಿ ಅನುಮಾನದಿಂದಲೇ ಮೂಸಿದ. "ಬೆಣ್ಣೆ. ಇನ್ನೇನು?"

"ಅಯ್ಯೋ, ಏನದು ಗಬ್ಬು!" ಎಂದು ಒಳಗಿನಿಂದ ಅವನ ಹೆಂಡತಿ ಬೆಳ್ಳಿಯಮ್ಮ ಕೂಗಿದಳು.

ಸಾಮಿಯಾತಾಳಿಗೆ ಅಳು ತಡೆಯಲಾಗಲಿಲ್ಲ. "ನಂಗೂ ಬರಲ್ಲ ತಂಬೀ. ನೀ ಪೊಯ್ ಹೇಳಿರಲಿಲ್ಲ, ಸುಳ್ಳ ಅಲ್ಲ ನೀನು. ನಾನೇ ಪಾಪಿ."

ತಮ್ಮ ಮಡಕೆಯ ಬಾಯಿ ಮುಚ್ಚಿ ಪಕ್ಕಕ್ಕಿಟ್ಟ. "ಇದನ್ನ ಸಂತೇಲಿ ಹೇಳ್ತೀಯಾ ಅಕ್ಕಾ?"

ಹೇಳಿದರೆ ಅವಳ ಮೂಗಿನ ಹೆಸರು ಅಂದಿಗೇ ಮುಗಿಯಿತು. ಮುಂದಿನ ಸಂತೆಯಲ್ಲಿ ಸಾಮಿಯಾತಾಳ್ ತಮ್ಮನ ಕೈ ಹಿಡಿದು ನಿಂತು, ಎಲ್ಲರಿಗೂ ಕೇಳುವಂತೆ ಹೇಳಿದಳು.