ಕಿನುಯೊ ಕೈಬಿಟ್ಟ ಕುಣಿತ

ಕಿನುಯೊ ಹಮಾಸಾಕಿ ಕೇರಿಗೆ ಸೊಸೆಯಾಗಿ ಬಂದದ್ದು ಇಪ್ಪತ್ತಮೂರನೆಯ ವಯಸ್ಸಿಗೆ, ಜುಲೈ ತಿಂಗಳ ಕೊನೆಯಲ್ಲಿ. ತವರಿನಿಂದ ತಂದ ಪೆಟ್ಟಿಗೆಯ ಹಗ್ಗ ಬಿಚ್ಚುವುದಕ್ಕೂ ಬಿಡದೆ ಅತ್ತೆ ತೊಮೆ ಅವಳನ್ನು ಹಿತ್ತಲಿಗೆ ಕರೆದಳು.

“ಎಲ್ಲಿ, ಕೈ ಎತ್ತು ನೋಡೋಣ.”

ಕಿನುಯೊ ಎತ್ತಿದಳು.

“ಅದೇನು, ಒಗೆದ ಬಟ್ಟೆ ಹರವ್ತಿದ್ದೀಯಾ? ಸತ್ತೋರು ವರ್ಷಕ್ಕೊಂದು ಸಲ ಮನೆಗೆ ಬರ್ತಾರೆ. ಅವರ ಮುಂದೆ ಹಿಂಗೆ ಕುಣಿದ್ರೆ ಬಂದ ದಾರೀಲೇ ವಾಪಸ್ ಹೋಗ್ತಾರೆ.”

ಪಿತೃಗಳ ಬೋನ್ ಹಬ್ಬಕ್ಕೆ ಹದಿನೈದು ದಿನ ಉಳಿದಿತ್ತು. ಶಾಲೆಯ ಬಯಲಿನಲ್ಲಿ ಮರದ ಅಟ್ಟಣೆ ಕಟ್ಟಿ, ಮೇಲೆ ನಗಾರಿ ಇಟ್ಟು, ಅದರ ಸುತ್ತ ಕೇರಿಗೆ ಕೇರಿಯೇ ಕುಣಿಯುತ್ತಿದ್ದ ಕಾಲವದು. ಕಡಲ ಪಕ್ಕದ ಹಡಗಿನ ಕಾರ್ಖಾನೆಯಲ್ಲಿ ಮೂರು ಪಾಳಿ ನಡೆಯುತ್ತಿತ್ತು. ಕುಣಿಯುವವರ ಸುತ್ತು ಒಂದರೊಳಗೊಂದು ನಾಲ್ಕಿರುತ್ತಿದ್ದವು. ಒಳಸುತ್ತಿನ ಮುಂದಾಳು ತೊಮೆ. ಅವಳ ಕೈ ಹೋದತ್ತ ಮಿಕ್ಕವರೆಲ್ಲರ ಕೈ.

ಕಿನುಯೊಳಿಗೆ ಮೂವತ್ತೆಂಟಾದಾಗ ತೊಮೆ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡಳು. ಮುಂದಾಳಿನ ಜಾಗ ಸೊಸೆಗೆ ಬಂತು. ಬೇಕೇ ಎಂದು ಅವಳನ್ನು ಯಾರೂ ಕೇಳಲಿಲ್ಲ, ಬೇಡವೆನ್ನಬಹುದೆಂದು ಅವಳಿಗೂ ಹೊಳೆಯಲಿಲ್ಲ. ಹಾಸಿಗೆ ಹಿಡಿದ ಅತ್ತೆ ಕಿಟಕಿಯಿಂದಲೇ ನಗಾರಿಯ ಸದ್ದು ಕೇಳಿಸಿಕೊಂಡು, ಬೆಳಗ್ಗೆ ಗಂಜಿ ಕುಡಿಯುತ್ತ ತಪ್ಪುಗಳ ಪಟ್ಟಿ ಒಪ್ಪಿಸುತ್ತಿದ್ದಳು. ಕಣ್ಣಲ್ಲಿ ನೋಡದೆ ಅದು ಹೇಗೆ ಗೊತ್ತಾಗುತ್ತಿತ್ತೋ. ಆರು ವರ್ಷ ಹಾಗೆ ನಡೆದು ತೊಮೆ ತೀರಿಕೊಂಡಳು. ಪಟ್ಟಿ ಒಪ್ಪಿಸುವವರು ಹೋದರೂ ಕೆಲಸ ಹೋಗಲಿಲ್ಲ.

ಜೂನ್ ಬಂತೆಂದರೆ ಬುಧವಾರದ ಅಭ್ಯಾಸ. ಸಂಘದ ಕೊಠಡಿಯ ಬೀಗ ತೆಗೆಯುವವಳೂ ಅವಳೇ, ಕಸ ಗುಡಿಸುವವಳೂ ಅವಳೇ. ಕುಣಿತಕ್ಕೆ ಉಡುವ ನಲವತ್ತು ಯುಕಾತಾ ನಿಲುವಂಗಿಗಳನ್ನು ಒಗೆದು, ಗಂಜಿ ಹಾಕಿ, ಹೋದ ವರ್ಷ ಹರಿದದ್ದನ್ನು ಹೊಲಿಯಬೇಕು. ಹಬ್ಬದ ದಿನ ಬೆಳಗ್ಗೆ ನಾಲ್ಕಕ್ಕೆದ್ದು ಅನ್ನದ ಉಂಡೆ ಕಟ್ಟಬೇಕು. ಗಂಡ ಸದಾವೊ ಕಾರ್ಖಾನೆಯಲ್ಲಿ ಬೆಸುಗೆ ಹಾಕುತ್ತಿದ್ದ. ಒಂದು ಹೆಜ್ಜೆಯೂ ಕುಣಿದವನಲ್ಲ, ಮೂಲೆಯಲ್ಲಿ ನಿಂತು ಸ್ಕ್ವಿಡ್ ಮೀನು ಸುಟ್ಟುಕೊಡುತ್ತಿದ್ದ. ಅವನು ಸತ್ತು ಎಂಟು ವರ್ಷವಾಯಿತು. ಅದಕ್ಕೂ ಮೊದಲೇ ಕಾರ್ಖಾನೆ ಮುಚ್ಚಿತು, ಆಮೇಲೆ ಶಾಲೆ ಮುಚ್ಚಿತು. ನಾಲ್ಕು ಸುತ್ತು ಎರಡಾಗಿ, ಒಂದಾಗಿ, ಕೊನೆಕೊನೆಗೆ ಆ ಒಂದೂ ಹಲ್ಲುದುರಿದ ಬಾಯಿಯಂತಾಯಿತು.

ಇಷ್ಟೂ ವರ್ಷ ಅವಳ ಜೊತೆಗಿದ್ದ ಕಾಟವೆಂದರೆ ನಗಾರಿಯ ಇಸಾಕು. ಹಡಗಿನ ತಳದ ತುಕ್ಕು ಬಡಿದುದುರಿಸುವುದು ಅವನ ಕಸುಬಾಗಿತ್ತು. ನಗಾರಿಯನ್ನೂ ಹಾಗೆಯೇ ಬಡಿಯುತ್ತಿದ್ದ. ಎರಡು ಬಟ್ಟಲು ಸಾಕೆ ಮದ್ಯ ಒಳಗೆ ಹೋದರೆ ಲಯ ಓಡತೊಡಗುತ್ತಿತ್ತು. ಕೆಳಗೆ ಕಿನುಯೊ ನಿಧಾನಕ್ಕೆಳೆದರೆ ಮೇಲೆ ಅವನು ಓಟಕ್ಕೆಳೆಯುತ್ತಿದ್ದ. ಎತ್ತು ಏರಿಗೆ, ಕೋಣ ನೀರಿಗೆ.

“ಇಸಾಕು-ಸಾನ್, ರೈಲಿಗೇನಾದ್ರೂ ಹೊತ್ತಾಯ್ತಾ ನಿಮಗೆ?”

“ನೀವು ಕಾಲೆತ್ತೋ ಹೊತ್ತಿಗೆ ಪಿತೃಗಳು ಬಂದು, ಉಂಡು, ಮಲಗಿರ್ತಾರೆ ಕಿನುಯೊ-ಸಾನ್!”

ಎಪ್ಪತ್ತಮೂರಕ್ಕೆ ಅವಳ ಮೊಣಕಾಲು ಪೂರಾ ಸವೆದಿತ್ತು. ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳಿ ಎಂದು ವೈದ್ಯರು ಎರಡು ವರ್ಷದಿಂದ ಹೇಳುತ್ತಿದ್ದರು, ಹಬ್ಬ ಮುಗಿಯಲಿ ಎಂದು ಅವಳು ಮುಂದೂಡುತ್ತಿದ್ದಳು. ಆ ಮೇ ತಿಂಗಳ ಸಭೆಗೆ ಹೋಗುವಾಗ ದಾರಿಯುದ್ದಕ್ಕೂ ಒಂದೇ ಮಾತನ್ನು ಬಾಯಿಪಾಠ ಮಾಡಿದಳು. ಬೇಡವೆನ್ನುತ್ತಾರೆ, ಕೈ ಹಿಡಿಯುತ್ತಾರೆ, ತೊಮೆಯ ಹೆಸರೆತ್ತುತ್ತಾರೆ. ಅದಕ್ಕೆಲ್ಲ ಒಂದೊಂದು ಉತ್ತರ ತಯಾರಿತ್ತು.

ಸಭೆಯಲ್ಲಿದ್ದದ್ದು ಏಳು ಜನ.

“ಈ ವರ್ಷದ ನಂತರ ನನ್ನ ಕೈಲಾಗಲ್ಲ. ಬೇರೆ ಯಾರನ್ನಾದ್ರೂ ನೋಡ್ಕೊಳ್ಳಿ,” ಎಂದಳು.

ಸಂಘದ ಅಧ್ಯಕ್ಷ ಕುರಮೋತೊ ಒಂದು ಗುಟುಕು ಬಾರ್ಲಿ ಚಹಾ ನುಂಗಿ, “ಹಂಗಾದ್ರೆ… ಹಬ್ಬಾನೇ ಈ ವರ್ಷಕ್ಕೆ ಮುಗಿಸಿಬಿಡೋಣ, ಏನಂತೀರಿ?” ಎಂದರು.

ಅವಳದೊಂದನ್ನು ಬಿಟ್ಟು ಆರೂ ತಲೆಗಳು ಒಟ್ಟಿಗೆ ಅಲ್ಲಾಡಿದವು. ಇಸಾಕುವಿನದೂ. ಕಾಗದದ ಲಾಂದ್ರ ಕಟ್ಟುವ ಹಿಸಾಯೊ ನಿಟ್ಟುಸಿರು ಬಿಟ್ಟು ನಕ್ಕೇಬಿಟ್ಟಳು.

“ನಾಲ್ಕು ವರ್ಷದಿಂದ ಏಣಿ ಹತ್ತಿದಾಗೆಲ್ಲ ಇವತ್ತು ಬಿದ್ದೇ ಸಾಯ್ತೀನಿ ಅನ್ಕೊಳ್ತಿದ್ದೆ. ನೀನಿದ್ದೀಯಲ್ಲ ಅಂತ ಸುಮ್ಮನಿದ್ದೆ ಕಣೇ.”

“ನೀನಿದ್ದೀಯಲ್ಲ ಅಂತ ನಾನು ಸುಮ್ಮನಿದ್ದೆ!” ಎಂದಳು ಕಿನುಯೊ.

ಎಲ್ಲರೂ ನಕ್ಕರು. ಮನೆಗೆ ಬರುವಾಗ ಅವಳಿಗೆ ನಗು ಬರಲಿಲ್ಲ. ತಲೆಯ ಹೊರೆಯೇನೋ ಇಳಿದಿತ್ತು, ಆದರೆ ಒಬ್ಬರಾದರೂ ಒಂದು ಸಲ ಬೇಡ ಎನ್ನಬಾರದಿತ್ತೇ? ತಯಾರು ಮಾಡಿಕೊಂಡ ಉತ್ತರಗಳೆಲ್ಲ ಹಳಸಿದ ಅನ್ನದಂತೆ ಒಳಗೇ ಉಳಿದವು. ಎಷ್ಟು ವರ್ಷದಿಂದ ಇವರೆಲ್ಲ ನನ್ನ ಹಾಗೇ ಕಾಲೆಳೆದುಕೊಂಡು ಬರುತ್ತಿದ್ದರು, ಯಾರಿಗೋಸ್ಕರ ಎಂದು ಯೋಚಿಸಿದಳು. ಚಪ್ಪಲಿ ಬಿಟ್ಟು ಅಲ್ಲೇ ಹೊಸ್ತಿಲಲ್ಲಿ ಬಹಳ ಹೊತ್ತು ಕುಳಿತಳು.

ಕೊನೆಯ ಹಬ್ಬವೆಂದು ಬರೆದು ಹಾಕಿದ್ದೇ ತಡ, ಆಗಸ್ಟಿನಲ್ಲಿ ಜನ ಕಿಕ್ಕಿರಿದು ಬಂದರು. ಸಂಜೆ ಐದಾದರೂ ನೆಲ ಕಾದ ಹೆಂಚಿನಂತಿತ್ತು. ಹತ್ತು ವರ್ಷದಿಂದ ಕಾಣದ ಮುಖಗಳು, ಊರು ಬಿಟ್ಟವರ ಮಕ್ಕಳು, ಮೊಮ್ಮಕ್ಕಳು. ಅನ್ನದ ಉಂಡೆ ಅರ್ಧ ಗಂಟೆಯಲ್ಲಿ ಖಾಲಿ. ಮೀನಂಗಡಿಯವರ ಮಗಳು ಯೊರಿ ಫೋನು ಎತ್ತಿ ಅಟ್ಟಣೆಯ ಚಿತ್ರ ತೆಗೆಯುತ್ತ ಕಿನುಯೊಳ ಪಕ್ಕಕ್ಕೆ ಬಂದಳು.

“ಇಂಥ ಚಂದದ್ದನ್ನ ನಿಲ್ಲಿಸ್ತಾರಂತೆ, ಅನ್ಯಾಯ ಅಲ್ವಾ ಆಂಟಿ? ನೀವಾದ್ರೂ ಸ್ವಲ್ಪ ಗಟ್ಟಿಯಾಗಿ ಬೇಡ ಅನ್ನಬೇಕಿತ್ತು.”

“ಬುಧವಾರ ಏಳು ಗಂಟೆಗೆ ಅಭ್ಯಾಸ. ಜೂನ್‌ನಿಂದ ಶುರು. ಬರ್ತೀಯಾ? ಬೀಗದ ಕೈ ಈಗಲೇ ಕೊಡ್ತೀನಿ.”

“ಅಯ್ಯೋ, ನಾನಿರೋದು ಒಸಾಕಾದಲ್ಲಿ.”

“ಗೊತ್ತು,” ಎಂದು ಕಿನುಯೊ ಸುತ್ತಿನ ಮುಂದಕ್ಕೆ ಹೋಗಿ ನಿಂತಳು.

ಮೊದಲ ಹಾಡಿನಲ್ಲೇ ಏನೋ ಸರಿಯಿಲ್ಲ ಅನ್ನಿಸಿತು. ಅವಳ ಕಾಲು ಮೊದಲು ನೆಲ ಮುಟ್ಟುತ್ತಿತ್ತು, ನಗಾರಿಯ ಪೆಟ್ಟು ಆಮೇಲೆ ಬೀಳುತ್ತಿತ್ತು. ಮೂವತ್ತೈದು ವರ್ಷದಲ್ಲಿ ಇಸಾಕು ಅವಳಿಗಿಂತ ಹಿಂದೆ ಬಿದ್ದದ್ದು ಅದೇ ಮೊದಲು. ಕತ್ತೆತ್ತಿ ನೋಡಿದಳು. ಮುದುಕ ಬಲಗೈಯನ್ನು ಎದೆಯ ಮಟ್ಟಕ್ಕಿಂತ ಮೇಲೆತ್ತುತ್ತಿರಲಿಲ್ಲ. ಮೂರನೆಯ ಹಾಡು ಮುಗಿಯುವಷ್ಟರಲ್ಲಿ ಅವಳ ಮೊಣಕಾಲೊಳಗೆ ಮರಳು ಉಜ್ಜಿದಂತಾಗತೊಡಗಿತು. ಅವಳು ಯಾರಿಗೂ ಹೇಳದೆ ಸುತ್ತಿನಿಂದ ಹೊರಬಂದು, ಅಟ್ಟಣೆಯ ಬುಡದಲ್ಲಿ ಬೋರಲು ಹಾಕಿದ್ದ ಬಿಯರ್ ಕ್ರೇಟಿನ ಮೇಲೆ ಕುಳಿತಳು.

ಮುಂದಾಳಿಲ್ಲದ ಸುತ್ತು ಮುಂದಿನ ತಿರುವಿನಲ್ಲೇ ಎಡವಿತು. ಅರ್ಧ ಜನ ಎಡಕ್ಕೆ, ಅರ್ಧ ಜನ ಬಲಕ್ಕೆ ತಿರುಗಿ ಡಿಕ್ಕಿ ಹೊಡೆದುಕೊಂಡು ನಕ್ಕರು. ಕಿನುಯೊಳ ಕೈ ತಾನಾಗಿಯೇ ಎದ್ದಿತು. ಅವಳು ಅದನ್ನು ಇನ್ನೊಂದು ಕೈಯಿಂದ ಮಡಿಲಲ್ಲಿ ಅದುಮಿಟ್ಟಳು. ಯಾರೋ ದಪ್ಪನೆಯ ಹೆಂಗಸೊಬ್ಬಳು ಎರಡು ಚಪ್ಪಾಳೆಯ ಜಾಗದಲ್ಲಿ ಮೂರು ತಟ್ಟಿದಳು, ಹಿಂದಿನವರೂ ಮೂರು ತಟ್ಟಿದರು, ಸ್ವಲ್ಪ ಹೊತ್ತಿಗೆ ಇಡೀ ಸುತ್ತು ಒಪ್ಪವಾಗಿ ಮೂರು ತಟ್ಟುತ್ತಿತ್ತು. ತಪ್ಪೇ ಕುಣಿತವಾಯಿತು. ಕಿನುಯೊ ನೋಡುತ್ತ ಕುಳಿತಳು. ಅಳು ಬರಬಹುದು ಎಂದುಕೊಂಡಿದ್ದಳು. ಬಂದದ್ದು ಆಕಳಿಕೆ.

ವಿರಾಮದಲ್ಲಿ ಇಬ್ಬರು ಹಿಡಿದುಕೊಂಡು ಇಸಾಕುವನ್ನು ಏಣಿಯಿಂದ ಇಳಿಸಿದರು. ಅವನು ಬಂದು ಪಕ್ಕದ ಕ್ರೇಟಿನ ಮೇಲೆ ಕುಸಿದ.

“ಲಯ ಬಿಟ್ಟುಕೊಟ್ರಲ್ಲ. ನನ್ನ ಕಾಲು ನೋಡಿ ಕನಿಕರ ಬಂತಾ?” ಎಂದಳು.

“ನಿಮ್ಮ ಕಾಲಿಗೆ ಯಾರು ಕೇರ್ ಮಾಡ್ತಾರೆ! ಭುಜ ಏಳ್ತಿಲ್ಲ. ಮೂರು ವರ್ಷದಿಂದ ನೋವಿನ ಮಾತ್ರೆ ನುಂಗಿ ಬಡೀತಿದ್ದೆ. ಇವತ್ತು ಮರೆತು ಬಂದೆ.”

“ಮೂರು ವರ್ಷ? ಹೇಳಬಾರದಿತ್ತಾ?”

“ನೀವು ಹೇಳಿದ್ರಾ?”

ಅವಳು ಕಾಲ ಬಳಿ ಇಟ್ಟುಕೊಂಡಿದ್ದ ತಣ್ಣನೆಯ ಚಹಾ ಬಾಟಲಿಯನ್ನು ಅವನಿಗೆ ಕೊಟ್ಟಳು. ಅವನು ಕುಡಿಯಲಿಲ್ಲ, ಅಂಗಿಯ ಮೇಲಿಂದಲೇ ಭುಜಕ್ಕೆ ಒತ್ತಿಕೊಂಡು ಕಣ್ಣು ಮುಚ್ಚಿದ. ಉಳಿದ ಹಾಡುಗಳಿಗೆ ಕುರಮೋತೊ ಧ್ವನಿಮುದ್ರಿತ ನಗಾರಿ ಹಾಕಿಸಿದರು. ಜನ ಅದಕ್ಕೂ ಕುಣಿದರು.

ಅಟ್ಟಣೆಯ ತೊಲೆಗಳನ್ನು ಬೆಟ್ಟದಾಚೆಯ ಕೇರಿಯವರು ಸೆಪ್ಟೆಂಬರಿನಲ್ಲಿ ಲಾರಿಯಲ್ಲಿ ಒಯ್ದರು. ಅಕ್ಟೋಬರಿನಲ್ಲಿ ಕಿನುಯೊ ಮೊಣಕಾಲಿನ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಳು. ಚಳಿಗಾಲವೆಲ್ಲ ನೋವು, ವಸಂತದ ಹೊತ್ತಿಗೆ ಕೋಲು ಹಿಡಿದು ಕಡಲ ತಡೆಗೋಡೆಯವರೆಗೆ ನಡೆದುಹೋಗುವಷ್ಟಾಯಿತು. ಒಸಾಕಾದಿಂದ ಯಾರೂ ಬೀಗದ ಕೈ ಕೇಳಲಿಲ್ಲ.

ಮುಂದಿನ ಬೋನ್‌ಗೆ ಅವಳು ಮನೆಯ ಪೂಜಾಗೂಡು ಒರೆಸಿ, ಅತ್ತೆಗೂ ಗಂಡನಿಗೂ ಪೀಚ್ ಹಣ್ಣು ಇಟ್ಟು, ಅಗರಬತ್ತಿ ಹಚ್ಚಿದಳು. ಮಧ್ಯಾಹ್ನ ತಣ್ಣೀರಲ್ಲದ್ದಿದ ಶ್ಯಾವಿಗೆ ತಿಂದು ಫ್ಯಾನು ತನ್ನತ್ತ ತಿರುಗಿಸಿ ಮಲಗಿದಳು. ಎದ್ದಾಗ ಗೋಡೆಯ ಮೇಲೆ ಇಳಿಬಿಸಿಲು. ಸಂಜೆ ಆರಾಗಿತ್ತು. ಮದುವೆಯಾದ ಮೇಲೆ ಆಗಸ್ಟಿನಲ್ಲಿ ಅಷ್ಟು ಹೊತ್ತು ಮಲಗಿದ್ದು ಅದೇ ಮೊದಲು. ಎದ್ದು ಮಾಡಬೇಕಾದ್ದು ಏನೂ ಇರಲಿಲ್ಲ. ಅವಳು ಮಗ್ಗುಲು ಬದಲಿಸಿದಳು.