ಕಲಾಯಿ ಇಲ್ಲದ ಕೊಳದಪ್ಪಲೆ

ತರೀಕೆರೆಯ ಹೆಣ್ಣುಮಕ್ಕಳ ಶಾಲೆಗೆ ನಾನು ಉಪಾಧ್ಯಾಯಿನಿಯಾಗಿ ಸೇರಿದ್ದು ಐವತ್ತರ ದಶಕದ ಕೊನೆಯಲ್ಲಿ. ಆ ವರ್ಷವೇ ನಮ್ಮ ಮುಖ್ಯೋಪಾಧ್ಯಾಯಿನಿ ಹನ್ನೆರಡು ಹುಡುಗಿಯರನ್ನು ಕೆಮ್ಮಣ್ಣುಗುಂಡಿಗೆ ಕರೆದೊಯ್ದು ಎರಡು ದಿನ ಡೇರೆಯಲ್ಲಿ ಇರಿಸುವುದೆಂದು ತೀರ್ಮಾನಿಸಿದರು. ಹುಡುಗಿಯರಿಗೆ ಅವರು ದೊಡ್ಡಕ್ಕೋರು, ನಾನು ಬರೀ ಅಕ್ಕೋರು. ಅಡುಗೆ ಬರೀ ಅಕ್ಕೋರ ಪಾಲಿಗೆ ಬಂತು.

ಅಷ್ಟು ಜನಕ್ಕೆ ಬೇಯಿಸುವ ಪಾತ್ರೆ ನನ್ನಲ್ಲಿರಲಿಲ್ಲ. ನಾನು ಬಾಡಿಗೆಗಿದ್ದ ಮನೆಯ ಯಜಮಾನಿ ಅಟ್ಟದಿಂದ ಒಂದು ಹಿತ್ತಾಳೆ ಕೊಳದಪ್ಪಲೆ ಇಳಿಸಿಕೊಟ್ಟು, "ಕಲಾಯಿ ಹೋಗಿದೆ ಕಣಮ್ಮ, ಹಾಕಿಸ್ಕೊಂಡು ಹೋಗು" ಎಂದರು. ಪಾತ್ರೆಯ ಒಳಗೆ ತವರ ಬಳಿಯುವ ಕಲಾಯಿಯವನು ಮದುವೆಗೆಂದು ಬೀರೂರಿಗೆ ಹೋಗಿದ್ದ. ಕಲಾಯಿ ಹೋದ ಪಾತ್ರೆಯಲ್ಲಿ ಹುಳಿ ಕುದಿಸಿದರೆ ಕಿಲುಬು ಬಿಟ್ಟು, ತಿಂದವರಿಗೆ ವಾಂತಿಯಾಗುತ್ತದೆಂದು ನಮ್ಮ ಅಮ್ಮ ಸಾವಿರ ಸಲ ಹೇಳಿದ್ದಳು. ಆದರೂ ಎರಡೇ ದಿನ ತಾನೆ ಅಂದುಕೊಂಡು, ಹುಣಸೆಹಣ್ಣು, ಬೂದಿ ಹಚ್ಚಿ ತಿಕ್ಕಿದೆ. ಪಾತ್ರೆ ಚಿನ್ನದಂತೆ ಹೊಳೆಯಿತು. ನನ್ನ ಮನಸ್ಸಿಗೂ ಸಮಾಧಾನವಾಯಿತು.

ಬೆಳಗಿನ ಬಸ್ಸಿನಲ್ಲಿ ಗುಡ್ಡ ಹತ್ತಿದೆವು. ದೊಡ್ಡಕ್ಕೋರು ಇಳಿದವರೇ ಸೆರಗು ಸಿಕ್ಕಿಸಿಕೊಂಡು ಒಲೆಗೆ ಜಾಗ ನೋಡಿದರು. ಹಳ್ಳದಿಂದ ಕಲ್ಲು ಹೊತ್ತು ತಂದ ಹುಡುಗಿಯರನ್ನು ಹಿಂದಕ್ಕೆ ಕಳಿಸಿದರು. "ನೀರು ಕುಡಿದ ಕಲ್ಲು ಬೆಂಕಿಗೆ ಸಿಡಿಯತ್ತೆ. ಒಣಗಿದ್ದು ತನ್ನಿ." ಕುಡಿಯುವ ನೀರನ್ನು ಬಟ್ಟೆಯಲ್ಲಿ ಸೋಸಿ, ಕುದಿಸಿ, ಆರಿದ ಮೇಲೆಯೇ ಲೋಟಕ್ಕೆ. ಪಾತ್ರೆಯ ವಿಷಯ ಮಾತ್ರ ಅವರು ಕೇಳಲಿಲ್ಲ. ನಾನೂ ಹೇಳಲಿಲ್ಲ.

ಅಲ್ಯೂಮಿನಿಯಂ ಪಾತ್ರೆಯಲ್ಲಿ ಅನ್ನವಾಯಿತು. ಕೊಳದಪ್ಪಲೆಯಲ್ಲಿ ಬದನೆಕಾಯಿ ಹುಳಿ ಕೊತಕೊತ ಕುದಿಯಿತು. ಆ ಚಳಿಗಾಳಿಯಲ್ಲಿ ಇಂಗಿನ ಘಮಕ್ಕೆ ಹುಡುಗಿಯರು ಕರೆಯುವ ಮೊದಲೇ ಎಲೆ ಹಾಕಿಕೊಂಡು ಕೂತರು. ಉಪ್ಪು ನೋಡೋಣವೆಂದು ಅಂಗೈಗೆ ಒಂದು ತೊಟ್ಟು ಹಾಕಿಕೊಂಡು ನೆಕ್ಕಿದೆ. ನಾಲಿಗೆಗೆ ಕಿಲುಬಿನ ಒಗರು ಹತ್ತಿತು.

ಉಗಿದು ಬಾಯಿ ತೊಳೆದುಕೊಂಡೆ. ಬಡಿಸಿಬಿಡಲೇ ಎಂಬ ಯೋಚನೆ ಒಂದು ಕ್ಷಣ ಬಂದದ್ದು ನಿಜ. ಸಾಲಾಗಿ ಕೂತ ಹನ್ನೆರಡು ಮುಖ ನೋಡಿದೆ. ನೇರವಾಗಿ ದೊಡ್ಡಕ್ಕೋರ ಬಳಿಗೆ ಹೋಗಿ ಎಲ್ಲವನ್ನೂ ಹೇಳಿದೆ.

ಅವರು ಬೈಯಲಿಲ್ಲ. "ಗುಂಡಿ ತೋಡಿ ಸುರಿದು ಮಣ್ಣು ಮುಚ್ಚಿ. ನಾಯಿಯೂ ಮುಟ್ಟಬಾರದು" ಎಂದರು. ಆಮೇಲೆ ಹುಡುಗಿಯರ ಕಡೆ ತಿರುಗಿ, "ಹುಳಿ ಕೆಟ್ಟಿದೆ, ತಿನ್ನೋ ಹಾಗಿಲ್ಲ. ಯಾರ ಬುತ್ತಿಗಂಟಿನಲ್ಲಿ ಏನಿದೆ ತೆಗೀರಿ" ಎಂದರು.

ನಿಂಬೆ ಉಪ್ಪಿನಕಾಯಿ ಬಂತು, ಒಂದು ಸಣ್ಣ ಶೀಸೆಯಲ್ಲಿ ತುಪ್ಪ ಬಂತು. ಅಜ್ಜಂಪುರದ ಕಡೆಯ ರೈತರ ಮನೆಯ ಹುಡುಗಿಯೊಬ್ಬಳು ಮಾತ್ರ ತನ್ನ ಗಂಟನ್ನು ಮಡಿಲಲ್ಲೇ ಒತ್ತಿಕೊಂಡು ಕೂತಿದ್ದಳು.

"ನಿನ್ನದರಲ್ಲಿ ಏನಿದೆಯೇ?" ಎಂದೆ.

"ಹುಚ್ಚೆಳ್ಳು ಚಟ್ನಿಪುಡಿ, ಅಕ್ಕೋರೆ. ಕರ್ರಗೈತೆ. ಯಾರೂ ತಿನ್ನಾಕಿಲ್ಲ ಅಂತ ತೆಗೀಲಿಲ್ಲ."

"ನಂಗೆ ಮೊದಲು ಹಾಕು" ಎಂದು ದೊಡ್ಡಕ್ಕೋರು ಎಲೆ ಮುಂದೆ ಮಾಡಿದರು. ಅನ್ನಕ್ಕೆ ಕಲೆಸಿ ಒಂದು ತುತ್ತು ತಿಂದು, ಎರಡನೆಯ ಸಲ ಎಲೆ ಒಡ್ಡಿದರು. ಅಷ್ಟು ಸಾಕಾಯಿತು. ಸಾಲಿನಲ್ಲಿದ್ದವರೆಲ್ಲ ನನಗೆ, ನನಗೆ ಎಂದರು.

ಹುಡುಗಿಗೆ ಧೈರ್ಯ ಬಂತು. ಸಂಜೆಗೆಂದು ಎತ್ತಿಟ್ಟ ಬದನೆಕಾಯಿ ತಂದು, ಒಂದೊಂದಕ್ಕೂ ಕಡ್ಡಿಯಿಂದ ಚುಚ್ಚಿದಳು. "ಇಲ್ಲಾಂದ್ರೆ ಸಿಡೀತದೆ, ಅಕ್ಕೋರೆ" ಎಂದು ಕೆಂಡದಲ್ಲಿ ಹೂತಳು. ಸಿಪ್ಪೆ ಸುಲಿದು, ಹಸಿಮೆಣಸಿನಕಾಯಿ, ಉಪ್ಪು ಹಾಕಿ ಕೈಯಲ್ಲೇ ಕಿವುಚಿದಳು. ಹತ್ತಿರದ ತೋಟದ ಮಾಲಿಯ ಹೆಂಡತಿ ಒಂದು ಚೊಂಬು ಮೊಸರು ಕೊಟ್ಟಳು. ಅನ್ನದ ಪಾತ್ರೆಯ ತಳದ ಸೀಕನ್ನೂ ಹುಡುಗಿಯರು ಬಿಡಲಿಲ್ಲ.

ಊಟವಾದ ಮೇಲೆ ಕೈ ತೊಳೆಯುತ್ತಾ ದೊಡ್ಡಕ್ಕೋರು ನನ್ನ ಕಡೆ ನೋಡದೆಯೇ ಹೇಳಿದರು: "ಪಾತ್ರೆ ಎಂಥದ್ದು ಅಂತ ನಾನೂ ಕೇಳಬೇಕಿತ್ತು ಕಣ್ರೀ. ಹೇಳಿದಿರಲ್ಲ, ಅದು ದೊಡ್ಡದು."

ಯಾರಿಗೂ ಏನೂ ಆಗಲಿಲ್ಲ. ಮಧ್ಯಾಹ್ನದ ಬಿಸಿಲಿಗೆ ಹುಡುಗಿಯರು ಹುಲ್ಲಿನ ಮೇಲೆ ಅಡ್ಡಾದರು. ಅಜ್ಜಂಪುರದವಳ ಸುತ್ತ ನಾಲ್ಕು ಜನ ಕೂತು, ಹುಚ್ಚೆಳ್ಳನ್ನು ಎಷ್ಟು ಹುರಿಯಬೇಕೆಂದು ಕೇಳುತ್ತಿದ್ದರು.